ಎಡಗಡೆಯ ಜಾಗ

ಮರಿಗುದುರೆ ಮತ್ತೆ ಬಲಕ್ಕೆ, ನಾಲೆಯ ಅಂಚಿಗೆ ಸರಿಯಿತು. ಕಡಿವಾಣದ ಎರಡೂ ಬದಿಗೆ ಬಾವಿಹಗ್ಗ ಕಟ್ಟಿ ಹಿಂದೆ ನಡೆಯುತ್ತಿದ್ದ ಖಾಸಿಂ ಎಡಗೈಯ ಹಗ್ಗ ಜಗ್ಗಿದ. ಯುದ್ಧದಿಂದ ಪೆಟ್ರೋಲ್ ಸಿಗದೆ ಬಸ್ಸು ಕಮ್ಮಿಯಾಗಿ ಮದ್ದೂರಲ್ಲಿ ಜನ ಜಟಕಾ ಕಾಯುತ್ತಿದ್ದರು. ನಾಳಿದ್ದು ಇದನ್ನು ಹೂಡಲೇಬೇಕು. ಹೀಗೇ ನಡೆದರೆ ಗಾಡಿ ನೀರಿಗೇ.

"ಯಾಕ್ಲಾ ಅಂಗೋಯ್ತದೆ?" ಗದ್ದೆಯಿಂದ ಕರಿಯಯ್ಯ ಕೇಳಿದ.

"ಹಾಜಿರಾಗೆ ಜಾಗ ಬುಡ್ತದೆ ಕಣ್ಲಾ."

ಪಳಗಿಸಲು ಶುರುಮಾಡಿದ ದಿನದಿಂದ ಖಾಸಿಂನ ಹೆಂಡತಿ ಹಾಜಿರಾ ಕುದುರೆಯ ಎಡಕ್ಕೆ ನಡೆಯುತ್ತ ಅದನ್ನು ಮಾತಾಡಿಸುತ್ತಿದ್ದಳು. ಮಾತಿಗೆ ಮಾತು ಬೆಳೆದು ಅವಳು ಮಳವಳ್ಳಿಯ ತವರಿಗೆ ಹೋಗಿ ತಿಂಗಳಾಗಿತ್ತು. ತಾನಾಗಿ ಹೋಗಿ ಕರೆಯುವುದುಂಟೇ ಎಂದು ಖಾಸಿಂ ಬಿಗಿದುಕೊಂಡಿದ್ದ. ಕುದುರೆಗೆ ಆ ಬಿಗುಮಾನವಿರಲಿಲ್ಲ. ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ಎಡಗಿವಿಯನ್ನು ಆ ಖಾಲಿ ಪಕ್ಕಕ್ಕೇ ತಿರುಗಿಸಿಕೊಂಡು ಹೆಜ್ಜೆ ಹಾಕುತ್ತಿತ್ತು.

ದಿನವೂ ಊರ ಕಡೆಗೆ ವಾಪಸ್ಸು ತಿರುಗಿಸುತ್ತಿದ್ದ ಹೊಂಗೆ ಮರ ಬಂತು. ಖಾಸಿಂ ತಿರುಗಿಸಲಿಲ್ಲ.

"ಮುಂದಕ್ಕೆಲ್ಲಿಗ್ಲಾ?" ಎಂದು ಕರಿಯಯ್ಯ ಗದ್ದೆಯಿಂದಲೇ ಕೂಗಿದ.

"ಮಳವಳ್ಳಿಗೆ. ಕುದ್ರೆ ಕೆಡ್ಸವ್ಳೆ, ಅವ್ಳೇ ಬಂದು ಸರಿ ಮಾಡ್ಲಿ."

ಹಾಗೆ ಗದರಿ ಹತ್ತು ಹೆಜ್ಜೆ ನಡೆದ ಮೇಲೆ, ಜಾಗ ಹಾಗೇ ಇರಲಿ ಎಂದು ಎಡಗೈಯ ಹಗ್ಗವನ್ನು ಸಡಿಲ ಬಿಟ್ಟ.