ಕರಿಬೇವಿನ ರೋಗ

ಮುನಿಸ್ವಾಮಿ ಗರಗಸವನ್ನು ಬುಡಕ್ಕೆ ಇಟ್ಟದ್ದೇ ತಡ, ಮೆಟಿಲ್ಡಾ ಒಳಗಿನಿಂದ ಓಡಿಬಂದು ಮರಕ್ಕೆ ಅಡ್ಡ ನಿಂತರು.

“ಒಂದು ನಿಮಿಷ ನಿಲ್ಲಿ ಮಾರಾಯ್ರೆ!”

“ನಾನೇನ್ ಮಾಡ್ಲಮ್ಮ? ನಾಲ್ಕು ಮನೆಯೋರು ಕಡಿ ಅಂದವ್ರೆ,” ಎಂದ ಕೋಲಾರದ ಕಡೆಯ ಆ ತೋಟದಾಳು.

ಅಂದದ್ದು ನಿಜ. ದುಬೈಯ ಊದ್ ಮೇಥಾದ ಆ ಹಳೆಯ ವಿಲ್ಲಾದಲ್ಲಿ ಐದು ಸಂಸಾರ, ಒಂದೇ ಅಂಗಳ, ಅಂಗಳಕ್ಕೊಂದೇ ಕರಿಬೇವು. ಮೊಸರಿನ ಡಬ್ಬದಲ್ಲಿ ಬೀಜ ಹಾಕಿ, ಹನ್ನೊಂದು ಬೇಸಿಗೆ ದಾಟಿಸಿ ಮೆಟಿಲ್ಡಾ ಆಳೆತ್ತರಕ್ಕೆ ತಂದ ಮರ. ಐದೂ ಮನೆಯ ಒಗ್ಗರಣೆಗೆ ಅದರದೇ ಎಲೆ. ಒಂದು ತಿಂಗಳಿಂದ ಎಲೆಯಂಚು ಸುಟ್ಟಂತೆ ಕಪ್ಪಾಗಿ ಉದುರತೊಡಗಿತು ನೋಡಿ, ಉಂಡ ಮನೆಯ ಜಂತೆ ಎಣಿಸುವವರೆಲ್ಲ ವಿಲ್ಲಾದ ವಾಟ್ಸಾಪ್ ಗ್ರೂಪಿನಲ್ಲಿ ಗಿಡದ ಡಾಕ್ಟರುಗಳಾದರು. ಇದು ವೈರಸ್ಸಂತೆ, ಗಾಳಿಯಲ್ಲೇ ಹರಡುತ್ತದಂತೆ, ಮಕ್ಕಳಿಗೂ ಬರುತ್ತದಂತೆ. ಎಲ್ಲರಿಗಿಂತ ದೊಡ್ಡ ದನಿ ಎದುರು ಬಾಗಿಲಿನ ಐಸಮ್ಮನದು: ತನ್ನ ಲಿಂಬೆ ಗಿಡಕ್ಕೂ ಅಂಟಿದರೆ ಯಾರು ಜವಾಬ್ದಾರಿ? ಮೆಟಿಲ್ಡಾಗೆ ಹೆಚ್ಚು ನೋವಾದದ್ದು ಆ ಮಾತಿನಿಂದಲೇ. ಎಲೆ ಹೆಚ್ಚು ಕಿತ್ತವರೂ ಅವರೇ ಅಲ್ಲವೇ?

ಮುನಿಸ್ವಾಮಿ ಕುಕ್ಕರಗಾಲಲ್ಲಿ ಕೂತು ಬುಡ ನೋಡಿದ. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಒಂದು ಚಿಟಿಕೆ ತೆಗೆದು ನಾಲಿಗೆಗೆ ಮುಟ್ಟಿಸಿದವನೇ ಥೂ ಎಂದು ಉಗಿದ.

“ಇದಕ್ಕೆ ಏನ್ ಹಾಕ್ತಿದೀರಮ್ಮ?”

“ಮೀನು ತೊಳೆದ ನೀರು. ಕರಿಬೇವಿಗೆ ಅದಕ್ಕಿಂತ ಒಳ್ಳೆ ಗೊಬ್ಬರ ಉಂಟಾ? ರೋಗ ಬಂದ ಮೇಲಂತೂ ದಿನಾ ಹಾಕ್ತಾ ಇದ್ದೇನೆ.”

“ಯಾವ ಮೀನು?”

“ಒಣಮೀನು. ಎರಡು ತಿಂಗಳ ಹಿಂದೆ ರಜೆ ಮುಗಿಸಿ ಬರುವಾಗ ಊರಿಂದ ತಂದದ್ದು...”

ಹೇಳುವಷ್ಟರಲ್ಲೇ ಅವರಿಗೆ ಹೊಳೆಯಿತು. ಊರಿನಲ್ಲಿ ಅಮ್ಮ ಬುಡಕ್ಕೆ ಚೆಲ್ಲುತ್ತಿದ್ದುದು ಹಸಿಮೀನಿನ ನೀರು. ಮೆಟಿಲ್ಡಾ ಚೆಲ್ಲಿದ್ದು ಒಣಮೀನಿನ ಉಪ್ಪು ಬಿಡಿಸಿದ ನೀರು. ಮರ ಸೊರಗಿದಷ್ಟೂ ಹೆಚ್ಚು ಹೆಚ್ಚು ಸುರಿದಿದ್ದರು.

“ರೋಗಾನೂ ಇಲ್ಲ ಗೀಗಾನೂ ಇಲ್ಲಮ್ಮ. ಉಪ್ಪು ತಿಂದೋರು ನೀರು ಕುಡೀಲೇಬೇಕು. ಒಂದು ತಿಂಗಳು ಬರೀ ನೀರು ಬಿಡಿ. ಯಾರಾದ್ರೂ ಕೇಳಿದ್ರೆ ಗರಗಸ ಮೊಂಡಾಗೈತೆ ಅಂತೀನಿ,” ಎಂದು ಮುನಿಸ್ವಾಮಿ ಎದ್ದ.

ಮೆಟಿಲ್ಡಾಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ನಾಚಿಕೆಯೂ ಆಯಿತು, ಆದರೆ ಸಮಾಧಾನದ ಮುಂದೆ ಅದು ಎಷ್ಟರದ್ದು! ಅಂದಿನಿಂದಲೇ ಪೈಪು ಹಿಡಿದರು.

ಮೂರನೇ ವಾರಕ್ಕೆ ಬೋಳು ಕೊಂಬೆಗಳಲ್ಲಿ ಎಳೆ ಚಿಗುರು ಇಣುಕಿತು. ಅದನ್ನು ಮೊದಲು ಕಂಡು ಅಂಗಳಕ್ಕೆ ಇಳಿದವರು ಐಸಮ್ಮ.

“ಖಲಾಸ್ ಆಯ್ತು ಅಂತ ಎಣಿಸಿದ್ದೆ ನಾನು. ಎಂತ ಮದ್ದು ಹಾಕಿದ್ದು ಮೆಟಿಲ್ಡಾ ಬಾಯಿ?”

ಏನಾದರೂ ಆಡಿಕೊಳ್ಳಲಿ ಎಂದು ಮೆಟಿಲ್ಡಾ ಇದ್ದದ್ದನ್ನು ಇದ್ದಂತೆ ಹೇಳಿದರು. ಐಸಮ್ಮ ನಗಲಿಲ್ಲ. ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಯಾ ಅಲ್ಲಾ! ನೀವು ಡ್ಯೂಟಿಗೆ ಹೋದ ಮೇಲೆ ನಾನೂ ದಿನಾ ಒಂದು ಚೊಂಬು ಹಾಕ್ತಿದ್ದೆ. ನಮ್ಮದೂ ಒಣಮೀನಿದ್ದೇ ನೀರು.”

“ಕಡಿಸಿ ಅಂದದ್ದು ನೀವೇ ಅಲ್ವಾ?”

“ಅಂದದ್ದು ಹೌದು. ಗ್ರೂಪಲ್ಲಿ ಎಲ್ಲರೂ ಹೇಳುವಾಗ ಹೆದರಿಕೆ ಆಯ್ತು. ಆದ್ರೆ ಹೊರಗೆ ಬಂದು ಮರ ನೋಡುವಾಗ ಪಾಪ ಅನಿಸ್ತಿತ್ತು. ಬದುಕಲಿ ಅಂತಲೇ ಹಾಕಿದ್ದು ಮಾರಾಯ್ತಿ.”

ಮೆಟಿಲ್ಡಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಂದಿದ್ದ ನಾಲ್ಕು ಚಿಗುರಿನಲ್ಲಿ ಒಂದನ್ನು ಚಿವುಟಿ ಐಸಮ್ಮನ ಕೈಯಲ್ಲಿಟ್ಟರು.

“ದೇವರು ದೊಡ್ಡವನು ಐಸಮ್ಮ. ಉಳಿದ ಮೂರು ಮನೆಯವರಿಗೂ ಈ ಮರದ ಮೇಲೆ ಇಷ್ಟೇ ಪ್ರೀತಿ ಇದ್ದಿದ್ದರೆ, ಇದು ಯಾವಾಗಲೋ ಸತ್ತು ಹೋಗ್ತಿತ್ತು!”