ಮಾಯಾಗೆ ಮಡಿಲಕ್ಕಿ

ಡೈರಿಗೆ ಹಾಲು ಹಾಕಿ ಬಂದ ಪುಟ್ಟಗೌರಮ್ಮನವರಿಗೆ, ಜಗಲಿಯ ಮುಂದೆ ಮಾಯಾ ಮತ್ತು ಅವಳ ಗಂಡ ಬಹದ್ದೂರ್ ಸಾಮಾನು ಕಟ್ಟಿಕೊಂಡು ನಿಂತಿರುವುದು ಕಂಡಿತು. ಮಾಯಾ ತುಂಬಿದ ಬಸುರಿ. ನಿದ್ದೆಯಿಲ್ಲದ ಕಣ್ಣು ಕೆಂಪಾಗಿತ್ತು. ತೋಟದ ಮನೆಯ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಅಮ್ಮ, ನಾವು ಹೋಗ್ತೀವಿ."

"ಎಲ್ಲಿಗೇ?"

"ಗೊತ್ತಿಲ್ಲ."

ನೇಪಾಳದಿಂದ ಬಂದ ಈ ಜೋಡಿ ಪುಟ್ಟಗೌರಮ್ಮನವರ ತೆಂಗಿನ ತೋಟದಲ್ಲಿ ಬಿದ್ದ ಕಾಯಿ ಆಯ್ದು, ನೀರು ಕಟ್ಟಿ, ಕಾವಲಿದ್ದು ಎರಡು ವರ್ಷವಾಗಿತ್ತು. ಮಾಯಾಳ ನಾಲಿಗೆಗೆ ಳಕಾರ ಇನ್ನೂ ಹತ್ತಿರಲಿಲ್ಲ. ಅವಳಿಗೆ ಅರ್ಥವಾಗಲೆಂದು ಊರವರು ಕಿವುಡರೊಡನೆ ಮಾತಾಡುವಂತೆ ಕೂಗಿ ಹೇಳುತ್ತಿದ್ದರು. ಅಂಗನವಾಡಿಯ ಅನಿತಾ ಪ್ರೀತಿಯಿಂದ ಮೊಟ್ಟೆ ಕೊಡುವಾಗಲೂ ಕೂಗಿಯೇ ಕೊಡುತ್ತಿದ್ದಳು. ಎಲ್ಲರೂ ಬೈಯುತ್ತಿದ್ದಾರೆಂದು ತಿಳಿದು ಮಾಯಾ ಮೊದಮೊದಲು ತೋಟದಲ್ಲಿ ಒಬ್ಬಳೇ ಅಳುತ್ತಿದ್ದಳಂತೆ.

"ಯಾರಾದ್ರೂ ಏನಾದ್ರೂ ಅಂದ್ರೇನೇ?"

"ಇಲ್ಲ. ನಿನ್ನೆ ನೀವೇ ಅಕ್ಕಿ ಹಾಕಿದ್ರಲ್ಲ."

ಹೌದು, ಹಾಕಿದ್ದರು. ಜಗಲಿಯ ಮೇಲೆ ಮಣೆಯಿಟ್ಟು ಕೂರಿಸಿ, ಹಸಿರು ಬಳೆ ತೊಡಿಸಿ, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬಿದ್ದರು. ತಾಯಿಯಿಲ್ಲದ ಹುಡುಗಿ, ಬರಿ ಮಡಿಲಲ್ಲಿ ಹೆರಬಾರದು ಎಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು.

"ಅದಕ್ಯಾಕೆ ಹೋಗ್ಬೇಕೇ, ಹುಚ್ಚಿ?"

"ಪಕ್ಕದ ಮನೆ ವರ್ಷಿಣಿ ಅಕ್ಕಂಗೂ ಹಾಕಿದ್ರು. ಸಾಯಂಕಾಲಾನೇ ಕಾರ್ ಬಂತು, ಹೋಗಿಬಿಟ್ರು. ಇಲ್ಲಿ ಅಕ್ಕಿ ಹಾಕಿದ್ರೆ ಊರು ಬಿಡಬೇಕು."

"ಅವ್ಳು ಬಾಣಂತನಕ್ಕೆ ತವ್ರಿಗೆ ಹೋದ್ಲು ಕಣೇ."

"ನನ್ನ ತವರಲ್ಲಿ ಅತ್ತಿಗೆ ಇದಾಲೆ. ಒಲಗೆ ಸೇರಿಸಲ್ಲ."

ಅಷ್ಟರಲ್ಲಿ ವರ್ಷಿಣಿಯ ಮಾವ ದೊಡ್ಡರಂಗಯ್ಯ ಸ್ಕೂಟರ್ ನಿಲ್ಲಿಸಿದ. "ಏನ್ ಗೌರಕ್ಕ, ಕಳುಸ್ತಾ ಇದೀರಾ? ಒಳ್ಳೇದಾಯ್ತು ಬುಡಿ. ಪಾಪ, ಹೆರಿಗೆಗೆ ಅವ್ರವ್ರ ಊರೇ ವಾಸಿ." ಮಾಯಾಳ ಕಡೆ ತಿರುಗಿ ದನಿ ಏರಿಸಿದ: "ಬಸ್‌ಸ್ಟ್ಯಾಂಡ್ ಗಂಟ ನಾನೇ ಬುಡ್ತೀನಿ ಕಣವ್ವ! ನಡೀಬ್ಯಾಡ! ಬಸುರಿ ಹೆಂಗ್ಸು!"

ಮಾಯಾ ಅವನನ್ನು ನೋಡಿ ಕೈ ಮುಗಿದಳು. ಅವನು ಉಪಕಾರ ಮಾಡುತ್ತಿದ್ದಾನೋ ಹೊರಡಿಸುತ್ತಿದ್ದಾನೋ ಪುಟ್ಟಗೌರಮ್ಮನವರಿಗೇ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

"ಯಾರೂ ಎಲ್ಲಿಗೂ ಹೋಗ್ತಿಲ್ಲ, ನೀನು ನಡಿಯಪ್ಪ," ಎಂದು ಅವನನ್ನು ಸಾಗಹಾಕಿ, ಬೀಗದ ಕೈಯನ್ನು ಮಾಯಾಳ ಅಂಗೈಗೇ ಒತ್ತಿದರು. "ಮಡ್ಲು ತುಂಬಿದ್ದು ಮಗ್ಳು ಅಂತ ಕಣೇ. ಹೆರಿಗೆ ತಿಪಟೂರು ಆಸ್ಪತ್ರೇಲಿ ಆಗ್ಲಿ. ಬಾಣಂತನ ನಮ್ಮನೇಲಿ. ಆಯ್ತಾ?"

ಹೇಳಿದ ಮೇಲೆ ಅವರೇ ಬೆಚ್ಚಿದರು. ಈ ಎರಡು ವರ್ಷದಲ್ಲಿ ಮಾಯಾ ಹೊಸ್ತಿಲು ದಾಟಿದವಳಲ್ಲ. ಕಾಫಿ, ರೊಟ್ಟಿ, ಹಬ್ಬದ ಒಬ್ಬಟ್ಟು ಎಲ್ಲವೂ ಜಗಲಿಗೇ ಬರುತ್ತಿದ್ದವು. ಬಿಸಿಬಿಸಿಯಾಗಿಯೇ ಬರುತ್ತಿದ್ದವು, ನಿಜ.

ಪೂಜೆ ಮುಗಿಸಿದ ಅವರ ಯಜಮಾನರು ತಿಮ್ಮಯ್ಯ ಬಾಗಿಲಿಗೆ ಬಂದು ನಿಂತಿದ್ದರು. ಮಾತೆಲ್ಲ ಕೇಳಿಸಿಕೊಂಡಿದ್ದರು.

"ನಮ್ಮನೇಲಿ ಅಂದ್ಬುಟ್ಯಲ್ಲ, ಪುರುಡು?"

"ಏನೀಗ ಪುರುಡು?"

"ತೋಟದ ಮನೇಲಿ ಬಾಣಂತನ ಆದ್ರೆ ಪುರುಡಿನ ಸೂತ್ಕ ಅವ್ರಿಗೆ. ಮಗ್ಳು ಅಂತ ಒಳೀಕೆ ಕರ್ಕಂಡ್ರೆ ನಮ್ಗೂ ತಟ್ಟತದೋ ಇಲ್ವೋ? ದೇವ್ರಿಗೆ ದೀಪ ಹಚ್ಚಾದೋ ಬುಡಾದೋ, ಈಗ್ಲೇ ಹೇಳು."

ಪುಟ್ಟಗೌರಮ್ಮ ಕಂಬಕ್ಕೆ ಒರಗಿದರು. ತಟ್ಟುವುದಿಲ್ಲ ಎಂದರೆ ಈಗಷ್ಟೇ ಮಗಳು ಎಂದದ್ದು ಸುಳ್ಳಾಗುತ್ತದೆ. ತಟ್ಟುತ್ತದೆ ಎಂದರೆ, ಎಲ್ಲಿಯದೋ ಬೆಟ್ಟದ ಹುಡುಗಿ ಹೆತ್ತದ್ದಕ್ಕೆ ಈ ಮನೆಯ ದೇವರು ಕತ್ತಲಲ್ಲಿರಬೇಕಾಗುತ್ತದೆ. ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ, ಯಾರನ್ನು ಕೇಳುವುದು, ಒಂದೂ ಹೊಳೆಯಲಿಲ್ಲ.

"ತಟ್ಟತದೆ," ಎಂದರು ಕೊನೆಗೆ. "ದೀಪ ಹಚ್ಚದು ಬ್ಯಾಡ."

"ಊರೋರು ಕೇಳುದ್ರೆ?"

"ಮಗ್ಳು ಹೆತ್ತವ್ಳೆ ಅನ್ನಿ."

"ನಮ್ಗೆ ಹೆಣ್ಮಕ್ಳೇ ಇಲ್ಲ ಅನ್ನಾದು ಊರಿಗೆಲ್ಲಾ ಗೊತ್ತು ಕಣೇ!"

ಮಾಯಾ ತನ್ನ ಭಾಷೆಯಲ್ಲಿ ಗಂಡನಿಗೆ ಏನೋ ಹೇಳಿದಳು. ಬಹದ್ದೂರ್ ಟೋಪಿ ತೆಗೆದು, ದೇವರ ಕೋಣೆಯ ಕಡೆ ಗಾಬರಿಯಿಂದ ನೋಡಿ, ತಲೆಯಾಡಿಸುತ್ತ ಉತ್ತರ ಕೊಟ್ಟ. ಅವರಿಬ್ಬರ ಮಾತು ಮುಗಿಯುವವರೆಗೆ ತಿಮ್ಮಯ್ಯ ಮತ್ತು ಪುಟ್ಟಗೌರಮ್ಮ, ತಮ್ಮದೇ ಜಗಲಿಯಲ್ಲಿ, ಭಾಷೆ ಬಾರದ ನೆಂಟರಂತೆ ಕಾದರು.

"ಯಜಮಾನ್ರೇ," ಎಂದಳು ಮಾಯಾ, "ಪುರುಡು ನಮ್ಮ ಕಡೇನೂ ಇದೆ. ನಾವೂ ಪೂಜೆ ಮಾಡಲ್ಲ. ಆದ್ರೆ ಅದು ಒಂದೇ ಮನೆಯವರಿಗೆ ಮಾತ್ರ. ನಿಮಗೆ ಯಾಕೆ ಬರುತ್ತೆ?"

ತಿಮ್ಮಯ್ಯ ಉತ್ತರಕ್ಕಾಗಿ ಹೆಂಡತಿಯ ಮುಖ ನೋಡಿದರು.

"ಅದೇ ಕಣವ್ವ, ನಂಗೂ ತಿಳೀತಿಲ್ಲ," ಎನ್ನುತ್ತ ಜಗಲಿಯಿಂದ ಇಳಿದು, ಬಹದ್ದೂರನ ಪಕ್ಕದಲ್ಲಿದ್ದ ತಗಡಿನ ಟ್ರಂಕನ್ನು ಎತ್ತಿಕೊಂಡರು. ಅದನ್ನು ತೋಟದ ಮನೆಗೆ ಒಯ್ಯಬೇಕೋ, ಒಳಕ್ಕೆ ಒಯ್ಯಬೇಕೋ ತೋಚದೆ, ಎದೆಗೆ ಅವಚಿಕೊಂಡು ಅಲ್ಲೇ ನಿಂತರು.