ಸೋರಿಕೆ

ಶೆಣೈಯವರು ಫ್ಲಾಸ್ಕಿನಿಂದ ಬಗ್ಗಿಸಿಕೊಟ್ಟ ಪುನರ್ಪುಳಿ ಹಣ್ಣಿನ ಕೆಂಪು ಶರಬತ್ತನ್ನು ಮೆಕ್ಯಾನಿಕ್ ಲ್ಯಾನ್ಸಿ ಒಂದೇ ಉಸಿರಿಗೆ ಮುಗಿಸಿದ. ಸಿಹಿ ತುಸು ಹೆಚ್ಚೇ ಆಗಿತ್ತು. ಬಾಯಿ ಒರೆಸಿಕೊಂಡು ಅವರ ಕಾರಿನ ಬಾನೆಟ್ ಎತ್ತಿದ. ಇಪ್ಪತ್ತೆರಡು ವರ್ಷ ಹಳೆಯ ವಿದೇಶಿ ಕಾರು. ಮೂರು ತಿಂಗಳಲ್ಲಿ ಗ್ಯಾರೇಜಿಗೆ ಬಂದದ್ದು ಇದು ನಾಲ್ಕನೆಯ ಸಲ. ದೂರು ಮಾತ್ರ ಒಂದೇ: ಇಂಜಿನನ್ನು ತಂಪಾಗಿಡುವ ಕೂಲಂಟ್ ಮತ್ತೆ ತಳ ಮುಟ್ಟಿದೆ.

"ಪ್ರೆಶರ್ ಕೊಟ್ಟು ನೋಡಿದೆ ಮಾರಾಯ್ರೆ. ರೇಡಿಯೇಟರ್, ಪೈಪು, ಪಂಪು ಎಲ್ಲ ಸರಿ ಉಂಟು. ಒಂದು ಹನಿಯೂ ಸೋರುವುದಿಲ್ಲ."

"ಮತ್ತೆ ಎಲ್ಲಿಗೆ ಹೋಗ್ತದೆ ಅದು?"

ಲ್ಯಾನ್ಸಿಗೂ ಅದೇ ಅರ್ಥವಾಗಿರಲಿಲ್ಲ. ಹೊಸ ಡಬ್ಬಿ ಒಡೆದು ಕೆಂಪು ಕೂಲಂಟ್ ಸುರಿದ. ನೆಲಕ್ಕೆ ಚೆಲ್ಲಿದ್ದನ್ನು ಮೂಸಲು ಬೀದಿನಾಯಿಯೊಂದು ಓಡಿ ಬಂತು. ಕೈಯಲ್ಲಿದ್ದ ಬಟ್ಟೆ ಬೀಸಿ ಅದನ್ನು ಓಡಿಸಿದ.

"ಸಿಹಿ ಅಂತ ನೆಕ್ಕಲು ಬರ್ತದೆ. ವಿಷ ಇದು. ಹೊಟ್ಟೆಗೆ ಹೋದರೆ ಕಿಡ್ನಿಯೇ ಹೋಗ್ತದೆ."

"ಕಿಡ್ನಿಯ ಸುದ್ದಿ ಎತ್ತಬೇಡ ನೀನು." ಶೆಣೈಯವರು ಬಾತುಹೋದ ಕಾಲನ್ನು ಸ್ಟೂಲಿನ ಮೇಲಿಟ್ಟರು. "ನನ್ನದೂ ಹಾಳಾಗ್ತಾ ಉಂಟಂತೆ. ಯಾಕೆ ಅಂತ ಡಾಕ್ಟರಿಗೇ ಗೊತ್ತಾಗ್ತಾ ಇಲ್ಲ."

ಲ್ಯಾನ್ಸಿಯ ಕೈ ಅಲ್ಲೇ ನಿಂತಿತು.

"ಮನೆಯಲ್ಲಿ ಈ ಬಾನೆಟ್ ಯಾರು ತೆಗೆಯುವುದು?"

"ತಮ್ಮ ಒಬ್ಬನೇ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದೇ ಕೆಲಸ. ನನ್ನ ನಂತರ ಕಾರೂ ಮನೆಯೂ ಅವನಿಗೇ ಅಲ್ಲವಾ?"

ಶೆಣೈಯವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

"ಇನ್ನೊಂದು ಲೋಟ ಕುಡಿ. ದಿನಾ ಅವನೇ ಮಾಡಿ ತುಂಬಿಸಿ ಕೊಡುವುದು."